ರಾಣಿಯ ಮುಖದ ಮೇಲಿನ ಕಲೆ

ಅಂದು ಎಲ್ಲ ದಿನಗಳಂಥದೇ ಒಂದು ಬುಧವಾರ. ಅಗಸರು ಬಟ್ಟೆ ಒಣಹಾಕುತ್ತಿದ್ದರು. ದನ ಕಾಯುವ ಕೆಂಚ ಅರಮನೆಯ ಹಸುಗಳಿಗೆ ನೀರು ಕುಡಿಸುತ್ತಿದ್ದ. ಆಗ ಡಂಗುರದವನು ಬಂದು ಸಾರಿದ:

"ಕೇಳಿರಪ್ಪೋ ಕೇಳಿ! ಅರಮನೆಯ ಕಂಪ್ಯೂಟರನ್ನು ಅಪ್‌ಗ್ರೇಡ್ ಮಾಡಿದ ಮೇಲೆ, ಹಳೆಯ ಫೋಟೋಗಳ ಕಲೆ ತೆಗೆಯುವ ಪ್ಲಗಿನ್ ತೆರೆದ ಕೂಡಲೇ ಕ್ರ್ಯಾಶ್ ಆಗಿ ಬೀಳುತ್ತಿದೆ. ಅದರ ಬಗ್ಗೆ ರಾಜಕುಮಾರಿಯವರು ಮೂರು ಒಗಟು ಹೇಳುತ್ತಾರೆ. ಬಿಡಿಸಿದವನು ಕೇಳಿದ್ದು ಕೊಡಲಾಗುವುದು. ತಪ್ಪಿದವನ ತಲೆ ಅಮಾವಾಸ್ಯೆಗೆ ಹೋಗುವುದು!"

ಪ್ಲಗಿನ್ ಎಂದರೆ ಫೋಟೋ ತಿದ್ದುವ ದೊಡ್ಡ ತಂತ್ರಾಂಶಕ್ಕೆ ಜೋಡಿಸಿದ ಒಂದು ಚಿಕ್ಕ ತಂತ್ರಾಂಶ. ಅಷ್ಟಕ್ಕೆ ತಲೆ ತೆಗೆಯುವುದೇಕೆ ಎಂದು ಊರಿನಲ್ಲಿ ಯಾರೂ ಕೇಳಲಿಲ್ಲ. ಎಲ್ಲರಿಗೂ ಗೊತ್ತಿತ್ತು.

ರಾಜಕುಮಾರಿ ಹೊನ್ನಾಂಬೆ ಹುಟ್ಟಿದ ವಾರದಲ್ಲೇ ರಾಣಿ ತೀರಿಕೊಂಡಿದ್ದಳು. ಮಗುವನ್ನು ಮಡಿಲಲ್ಲಿಟ್ಟುಕೊಂಡ ಒಂದು ಫೋಟೋ ಮಾತ್ರ ಉಳಿದಿತ್ತು. ಗೋಡೆಯ ತೇವ ಅದರಲ್ಲಿ ರಾಣಿಯ ಮುಖವನ್ನು ತಿಂದಿತ್ತು. ಬಾಣಂತಿ ಮಗುವನ್ನು ಒಮ್ಮೆಯೂ ನೋಡಲಿಲ್ಲ, ಗೋಡೆಯ ಕಡೆ ಮುಖ ಮಾಡಿಯೇ ಪ್ರಾಣ ಬಿಟ್ಟಳು ಎಂದು ಸೂಲಗಿತ್ತಿಯರು ಪಿಸುಗುಡುತ್ತಿದ್ದರು. ಹೊನ್ನಾಂಬೆ ಆ ಪಿಸುಮಾತಿನಲ್ಲೇ ಬೆಳೆದಳು. ದೊಡ್ಡವಳಾದ ಮೇಲೆ ಆ ಪ್ಲಗಿನ್ನಿನಿಂದ ಕಲೆಯನ್ನು ಸ್ವಲ್ಪಸ್ವಲ್ಪವೇ ತೆಗೆಯುತ್ತ ಬಂದಳು. ಕಿವಿಯ ತನಕ, ಕಿವಿಯ ಬುಗುಡಿಯ ತನಕ ಬಂದಾಗ ಅಪ್‌ಗ್ರೇಡ್ ಆಯಿತು.

ಅಂದಿನಿಂದ ಪ್ಲಗಿನ್ ತೆರೆದರೆ ಪರದೆ ಒಂದು ಕ್ಷಣ ಬೆಳ್ಳಗಾಗುತ್ತದೆ. ಮರುಕ್ಷಣ ಕಪ್ಪಾಗುತ್ತದೆ. ಆ ಕಪ್ಪಿನಲ್ಲಿ ಎದುರು ಕುಳಿತವರ ಮುಖವೇ ಕಾಣುತ್ತದೆ.

"ಅದು ಬಿದ್ದಾಗಲೆಲ್ಲ ನನ್ನ ರಾಣಿ ಇನ್ನೊಮ್ಮೆ ಸಾಯುತ್ತಾಳೆ" ಎಂದಿದ್ದ ಅರಸ. "ಊಹೆ ಮಾಡಲು ಬರುವವನು ತಲೆ ಪಣ ಇಟ್ಟೇ ಬರಲಿ."

ಮೊದಲು ಬಂದವನು ದಳಪತಿಯ ಮಗ ರಣಧೀರ. ಹೊನ್ನಾಂಬೆ ಹೇಳಿದಳು: "ಉತ್ತರ ನನಗೂ ತಿಳಿಯದು. ಸರಿಯೋ ತಪ್ಪೋ ಯಂತ್ರವೇ ಹೇಳುತ್ತದೆ. ಹಳೆಯ ಮನೆಯಲ್ಲಿ ನೆಟ್ಟಗೆ ನಡೆಯುತ್ತಿದ್ದವನು ಹೊಸ ಮನೆಯ ಹೊಸ್ತಿಲಲ್ಲೇ ಬೀಳುತ್ತಾನೆ. ಅವನನ್ನು ಬೀಳಿಸುವುದು ಯಾವುದು?"

"ಅವನ ಕಾಲೇ ಮುರಿದಿದೆ. ಪ್ಲಗಿನ್ ಕಿತ್ತು ಹೊಸದಾಗಿ ಹಾಕಿ."

ಹಾಕಿದರು. ಪರದೆ ಬೆಳ್ಳಗಾಯಿತು, ಕಪ್ಪಾಯಿತು. ರಣಧೀರನನ್ನು ಸೆರೆಗೆ ಒಯ್ದರು.

ಎರಡನೆಯವನು ವರ್ತಕರ ಮಗ ಮಲ್ಲಿಶೆಟ್ಟಿ. "ಕಾಲಿನ ದೋಷವಲ್ಲ, ಮನೆಯೇ ಇಕ್ಕಟ್ಟು. ಕಂಪ್ಯೂಟರಿನ ಮೆಮೊರಿ ಹೆಚ್ಚಿಸಿ" ಎಂದ. ಹೆಚ್ಚಿಸಿದರು. ಬೆಳ್ಳಗಾಯಿತು, ಕಪ್ಪಾಯಿತು. ಅವನನ್ನೂ ಒಯ್ದರು. ಆಮೇಲೆ ನೆಲಮಾಳಿಗೆಯಿಂದ ಅಳು ಕೇಳಿಬರುತ್ತಿತ್ತು. ಅದು ಯಾರದೆಂದು ಕಾವಲಿನವರೂ ಹೇಳಲಾರರು.

ಮೂರನೆಯವನಾಗಿ ಕೆಂಚ ಬಂದ. ಬಾಗಿಲ ಭಟ ನಕ್ಕ: "ಏನೋ ಕೆಂಚ, ಕಂಪ್ಯೂಟರ್ ಹಾಲು ಕೊಡ್ತದೆ ಅಂತ ಬಂದ್ಯಾ?"

"ಒದೀದಿದ್ರೆ ಸಾಕಣ್ಣ" ಎಂದು ಕೆಂಚ ಒಳಗೆ ಅರಸನ ಸಭೆಗೆ ಹೋದ.

ಮೊದಲ ಒಗಟಿಗೆ ಅವನು ಹೇಳಿದ: "ನನಗೆ ಯಂತ್ರ ಗೊತ್ತಿಲ್ಲ, ಬುದ್ಧಿ. ಸೆರೆಯಲ್ಲಿರುವ ಇಬ್ಬರೂ ಅರ್ಧ ದಾರಿ ತೋರಿಸಿಕೊಟ್ಟಿದ್ದಾರೆ. ಈಗ ಕಾಲೂ ಹೊಸದು, ಮನೆಯೂ ದೊಡ್ಡದು. ಇನ್ನು ಉಳಿದದ್ದು ತಲೆಯ ಮೇಲಿನ ಹೊರೆ. ಹಳೆಯ ಮನೆಯಿಂದ ಏನನ್ನೋ ಹೊತ್ತು ತಂದಿದೆ."

ಹೊನ್ನಾಂಬೆಗೆ ಹೊಳೆಯಿತು. ಪ್ಲಗಿನ್ ಹೊಸದಾಗಿ ಹಾಕುವಾಗ 'ಹಳೆಯ ನೆನಪುಗಳನ್ನು ಉಳಿಸಿಕೊಳ್ಳಲೇ?' ಎಂದು ಅದು ಕೇಳಿತ್ತು. ಅವಳು ಹೌದು ಎಂದಿದ್ದಳು. ಅಮ್ಮನಿಗೆ ಸಂಬಂಧಿಸಿದ ಯಾವುದನ್ನೂ ಬೇಡವೆನ್ನುವುದು ಅವಳಿಂದ ಆಗುತ್ತಿರಲಿಲ್ಲ.

"ಎರಡನೆಯದು" ಎಂದಳು. "ನಾನಿನ್ನೂ ಯಾವ ಫೋಟೋವನ್ನೂ ತೆರೆದಿರುವುದಿಲ್ಲ. ಆದರೂ ಅದು ಯಾರನ್ನೋ ಹುಡುಕಿಕೊಂಡು ಹೋಗಿ ಬೀಳುತ್ತದೆ. ಯಾರನ್ನು?"

ಕೆಂಚ ಹೇಳಿದ: "ನಮ್ಮ ಕೌಲಿ ಹಸುವಿನ ಕರು ಹಳೆಯ ಕೊಟ್ಟಿಗೆಯಲ್ಲಿ ಸತ್ತಿತು, ತಾಯಿ. ಆಮೇಲೆ ಕೊಟ್ಟಿಗೆ ಕಿತ್ತು ಅಲ್ಲಿ ಸುಣ್ಣದ ಗುಂಡಿ ತೋಡಿದರು. ಸಂಜೆಯಾದರೆ ಕೌಲಿ ಹೊಸ ಕೊಟ್ಟಿಗೆ ದಾಟಿ ಅಲ್ಲಿಗೇ ಹೋಗಿ ಗುಂಡಿಗೆ ಬೀಳುತ್ತದೆ. ಈ ಪ್ಲಗಿನ್ ಕೊನೆಯ ಸಲ ತಿದ್ದುತ್ತಿದ್ದದ್ದು ಯಾರ ಮುಖ?"

"ಅಮ್ಮನದು."

"ಆ ಫೋಟೋ ಮೊದಲಿದ್ದ ಜಾಗದಲ್ಲೇ ಇದೆಯೇ?"

"ಇಲ್ಲ. ಅಪ್‌ಗ್ರೇಡ್ ದಿನ ಎಲ್ಲವನ್ನೂ ಹೊಸ ಫೋಲ್ಡರಿಗೆ ಸಾಗಿಸಿದೆವು."

"ಪ್ಲಗಿನ್ನಿಗೆ ಅದನ್ನು ಯಾರೂ ಹೇಳಿಲ್ಲ" ಎಂದ ಕೆಂಚ. "ಏಳುತ್ತಲೇ ನಿಮ್ಮ ತಾಯಿಯನ್ನು ಹಳೆಯ ಜಾಗದಲ್ಲಿ ಹುಡುಕುತ್ತದೆ. ಕಾಣದೆ ಬೀಳುತ್ತದೆ."

ಹೊನ್ನಾಂಬೆಯ ದನಿ ತಗ್ಗಿತು. "ಮೂರನೆಯದು. ಅದನ್ನು ಏಳಿಸಬೇಕಾದರೆ ನೆನಪು ಹೋಗಬೇಕು. ಆದರೆ ಅಮ್ಮ ಹೋಗಬಾರದು. ಹೇಗೆ?"

ಅರಸ ಎದ್ದು ನಿಂತ. "ಅವಳ ಒಂದು ಎಳೆ ಕೂದಲು ಅಳಿಸಿದರೂ ನಿನ್ನ ತಲೆ ಅಮಾವಾಸ್ಯೆಯ ತನಕ ಕಾಯುವುದಿಲ್ಲ, ಹುಡುಗ!"

ಕೆಂಚ ಕೈ ಮುಗಿದ. "ಅಳಿಸಬೇಡಿ, ಬುದ್ಧಿ. ಮುಖ ಬೇರೆ, ಮುಖ ಎಲ್ಲಿತ್ತು ಎಂಬ ನೆನಪು ಬೇರೆ. ಫೋಟೋ ಇದ್ದಲ್ಲೇ ಇರಲಿ. ಪ್ಲಗಿನ್ ತನ್ನ ನೆನಪುಗಳನ್ನೂ ನೀವು ಹೇಳಿದಂಥ ಒಂದು ಫೋಲ್ಡರಿನಲ್ಲೇ ಇಟ್ಟುಕೊಂಡಿರಬೇಕು; ಅದಕ್ಕೆ ಮಾತ್ರ ಬೇರೆ ಹೆಸರು ಕೊಟ್ಟು ಪಕ್ಕಕ್ಕಿಡಿ. ಹಳೆಯ ದಾರಿ ಕಾಣದಿದ್ದರೆ ಅದು ಹೊಸ ದಾರಿ ಕಲಿಯಬೇಕು. ಕಲಿಯದಿದ್ದರೆ ಫೋಲ್ಡರಿಗೆ ಮೊದಲಿನ ಹೆಸರು ಕೊಡಿ, ನನ್ನ ತಲೆ ತೆಗೆಯಿರಿ."

ಹೊನ್ನಾಂಬೆ ಆ ಫೋಲ್ಡರನ್ನು ಹುಡುಕಿ 'ಹಳೆಯದು' ಎಂದು ಹೆಸರಿಟ್ಟು ಪಕ್ಕಕ್ಕೆ ಸರಿಸಿದಳು. ಪ್ಲಗಿನ್ ತೆರೆದಳು. ಪರದೆ ಬೆಳ್ಳಗಾಯಿತು. ಎಲ್ಲರೂ ಕಪ್ಪಿಗಾಗಿ ಕಾದರು. ಪರದೆ ಬೆಳ್ಳಗೇ ಉಳಿಯಿತು. ಅವಳು ಹೊಸ ಜಾಗದಿಂದ ಫೋಟೋ ತೆರೆದಳು. ಬುಗುಡಿ ಕಾಣಿಸಿತು.

ಅರಸ ಮೆಲ್ಲಗೆ ಕುಳಿತುಕೊಂಡ. "ಏನು ಬೇಕೋ ಕೇಳು."

"ಸೆರೆಯಲ್ಲಿರುವ ಇಬ್ಬರ ತಲೆ, ಬುದ್ಧಿ. ಅವರ ಮೈಮೇಲೆಯೇ."

"ಆಯಿತು. ನಿನಗೆ?"

"ಆ ಸುಣ್ಣದ ಗುಂಡಿ ಮುಚ್ಚಿಸಿಕೊಡಿ."

ಅರಸ ಇಬ್ಬರನ್ನೂ ಬಿಡಿಸಿದ, ಗುಂಡಿ ಮುಚ್ಚಿಸಿದ, ಅರಮನೆಯ ಹುಲ್ಲುಗಾವಲನ್ನೆಲ್ಲ ಕೆಂಚನ ಹೆಸರಿಗೆ ಬರೆದುಕೊಟ್ಟ. ಸಭೆ ಖಾಲಿಯಾಯಿತು. ಹೊನ್ನಾಂಬೆ ಮಾತ್ರ ಕುಳಿತೇ ಇದ್ದಳು. ಕಲೆ ಕೆನ್ನೆಯಿಂದ ಹಿಂದೆ ಸರಿಯಿತು, ಆಮೇಲೆ ಹುಬ್ಬಿನಿಂದ, ಕೊನೆಗೆ ಕಣ್ಣುಗಳಿಂದ.

ರಾಣಿ ಕ್ಯಾಮೆರಾದ ಕಡೆ ನೋಡುತ್ತಿರಲಿಲ್ಲ. ಮಡಿಲಿನ ಕಡೆ ನೋಡುತ್ತಿದ್ದಳು.