ಓಗೊಟ್ಟ ಗಡಿಗೆ

ಶಿಷ್ಯನೊಬ್ಬ ಕೇಳಿದ: “ಗುರುಗಳೇ, ಸೆರೆಯಿಂದ ತಪ್ಪಿಸಿಕೊಂಡವನು ಬಿಡುಗಡೆಯಾದಂತೆಯೇ ತಾನೆ?”

ಗುರು ಹೇಳಿದರು:

ಒಂದು ಊರಿನಲ್ಲಿ ಸೆರೆಮನೆಯಿತ್ತು. ಅದರ ಗೋಡೆ ಎಷ್ಟು ಎತ್ತರವೆಂದರೆ, ದಾಟಲು ಹೊರಟ ಕಾಗೆ ನಡುದಾರಿಯಲ್ಲಿ ಗೂಡು ಕಟ್ಟಿ, ಮೊಟ್ಟೆಯಿಟ್ಟು, ಮರಿಗಳಿಗೆ ರೆಕ್ಕೆ ಬಂದ ಮೇಲೆ ಅವುಗಳೊಡನೆ ಮುಂದಕ್ಕೆ ಹಾರುತ್ತಿತ್ತು. ಸುಳ್ಳೆನ್ನಬೇಡ, ಆ ಗೋಡೆಯ ನೆರಳು ದಾಟಲು ನನಗೇ ಮೂರು ದಿನ ಹಿಡಿಯಿತು.

ಅಲ್ಲೊಬ್ಬ ಬಳೆಗಾರನಿದ್ದ. ಜಗಳದಲ್ಲಿ ಒಬ್ಬನ ಕಾಲು ಮುರಿದು ಏಳು ವರ್ಷದ ಶಿಕ್ಷೆಗೆ ಗುರಿಯಾಗಿದ್ದ. ಮನೆಯಲ್ಲಿ ಹೆಂಡತಿ, ತೊಟ್ಟಿಲ ಕೂಸು. ಕೂಸಿಗೆ ಮಾತು ಬರುವ ಮೊದಲು ಮನೆ ಸೇರಬೇಕೆಂಬುದೊಂದೇ ಅವನ ಹಂಬಲ.

ಸಂಜೆ ಬೀಗ ಹಾಕಿದ ಮೇಲೆ ಕಾವಲುಗಾರ ಓಣಿಯ ತುದಿಯಲ್ಲೇ ನಿಂತು ಒಬ್ಬೊಬ್ಬರನ್ನೇ ಕೂಗುತ್ತಿದ್ದ. ಕೋಣೆಯಿಂದ “ಇದ್ದೇನೆ” ಎಂದು ಬಂದರೆ ಆಯಿತು. ಮುಖ ನೋಡುವ ಪದ್ಧತಿ ಅಲ್ಲಿರಲಿಲ್ಲ.

ಬಳೆಗಾರ ದಿನವೂ ಬರಿದಾದ ನೀರಿನ ಗಡಿಗೆಯೊಳಗೆ ಬಾಯಿಟ್ಟು “ಇದ್ದೇನೆ” ಎನ್ನತೊಡಗಿದ. ಪಕ್ಕದ ಕೋಣೆಯ ಮುದುಕ ನಕ್ಕ.

“ಏನೋ ಬಳೆಗಾರ, ಗಡಿಗೆಗೆ ಪಾಠ ಹೇಳ್ತಿದ್ದೀಯೇನೋ?”

“ಗಿಳಿ ಕಲಿಯೋದಾದರೆ ಗಡಿಗೆಗೇನು ಧಾಡಿ, ಮಾವ?”

“ಗಿಳಿ ಹೇಳಿದ್ದನ್ನ ತಿರುಗಿ ಹೇಳ್ತದೆ ಕಣಪ್ಪ. ಗಡಿಗೆ ಹಾಕಿದ್ದನ್ನ ಇಟ್ಟುಕೊಳ್ತದೆ.”

ಬಳೆಗಾರ ಕಿವಿಗೆ ಹಾಕಿಕೊಳ್ಳಲಿಲ್ಲ. ಒಂದು ಸಂಜೆ ಕಾವಲುಗಾರ ಕೂಗಿದಾಗ, ಅವನು ಬಾಯಿ ತೆರೆಯುವ ಮೊದಲೇ ಗಡಿಗೆ “ಇದ್ದೇನೆ” ಎಂದಿತು. ಅವನದೇ ದನಿ. ಮರುದಿನ ಕಲ್ಲು ಒಡೆಯಲು ಹೊರಗೆ ಕರೆದೊಯ್ದಾಗ ಅವನು ಪೊದೆಯೊಳಗೆ ನುಸುಳಿದ. ಯಾರೂ ಹುಡುಕಿಕೊಂಡು ಬರಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ಮನೆ ಮುಟ್ಟಿ ಬಾಗಿಲು ತಟ್ಟಿದ.

“ಯಾರದು?” ಎಂದಳು ಹೆಂಡತಿ.

ಅವನ ತುಟಿ ಅಲ್ಲಾಡಿತು, ದನಿ ಹೊರಡಲಿಲ್ಲ. ಅವಳು ಬಾಗಿಲು ತೆರೆದು ಅವನ ಮುಖಕ್ಕೇ ದೀಪ ಹಿಡಿದಳು. ಆಚೆ ನೋಡಿದಳು, ಈಚೆ ನೋಡಿದಳು. “ಯಾರೂ ಇಲ್ಲ” ಎಂದು ಅಗುಳಿ ಹಾಕಿದಳು.

ದನಿಯನ್ನು ಮರಳಿ ತರಲು ಅವನು ಸೆರೆಮನೆಗೆ ಓಡಿದ. ಒಳಗೆ ಸಂಜೆಯ ಕೂಗು ಇನ್ನೂ ನಡೆದಿತ್ತು.

“ಬಳೆಗಾರ?”

“ಇದ್ದೇನೆ.”

ಅವನು ಎರಡೂ ಕೈಯಿಂದ ಹೆಬ್ಬಾಗಿಲು ಬಡಿದ. “ಏನು ಗಾಳಿಯಪ್ಪಾ ಇವತ್ತು!” ಎಂದ ಕಾವಲುಗಾರ.

ಬಾಗಿಲು ತೆರೆದಾಗಲೂ ಒಳಗೆ ಕಾಲಿಡಲಾಗದೆ, ಏಳು ವರ್ಷ ತುಂಬುವ ತನಕ ಅವನು ಆ ಬಾಗಿಲಲ್ಲೇ ಕುಳಿತ. ದಾರಿಹೋಕರು ಅವನನ್ನು ತುಳಿದುಕೊಂಡೇ ಹೋದರು. ಬಿಡುಗಡೆಯ ದಿನ ಬಾಗಿಲು ತೆರೆಯಿತು. ಹೆಗಲಿಗೆ ಗಂಟು ಹಾಕಿಕೊಂಡು ಒಬ್ಬ ಹೊರಬಂದ. ಇವನದೇ ಮುಖ, ಇವನದೇ ನಡಿಗೆ. ಇವನತ್ತ ತಿರುಗಿಯೂ ನೋಡದೆ ಊರ ದಾರಿ ಹಿಡಿದ. ಇವನು ಹಿಂದೆಯೇ ನಡೆದ.

ಮನೆಯ ಬಾಗಿಲು ತಟ್ಟಿದ ಸದ್ದಾಯಿತು.

“ಯಾರದು?”

“ನಾನು ಕಣೇ.”

ಬಾಗಿಲು ತೆರೆಯಿತು. ಏಳು ವರ್ಷದ ಹುಡುಗಿಯೊಬ್ಬಳು “ಅಪ್ಪಾ” ಎಂದು ಓಡಿಬಂದು ಬಂದವನ ಕಾಲು ತಬ್ಬಿದಳು. ಬಾಗಿಲು ಮುಚ್ಚಿತು.

ಗುರು ಕತೆ ನಿಲ್ಲಿಸಿದರು. ಶಿಷ್ಯ ಕೇಳಿದ: “ಹಾಗಾದರೆ ಒಳಗೆ ಹೋದವನು ಯಾರು? ಹೊರಗೆ ಉಳಿದವನು ಯಾರು, ಗುರುಗಳೇ?”

“ಒಳಗೆ ಹೋದವನು ಬಿಡುಗಡೆಯಾದವನು, ಹೊರಗೆ ಉಳಿದವನು ತಪ್ಪಿಸಿಕೊಂಡವನು.”