ಕೋಡಿಯ ಕಲ್ಲು

ಶಿಷ್ಯೆ ಹೇಮಾವತಿ ಕೇಳಿದಳು: "ಗುರುಗಳೇ, ನೇಕಾರರ ವಿನ್ಯಾಸಗಳ ಹಕ್ಕು ಕಾಯಲು ನಾವು ನಮ್ಮದೇ ಒಂದು ಬ್ಲಾಕ್‌ಚೈನ್, ಯಾರೊಬ್ಬರೂ ಒಂಟಿಯಾಗಿ ತಿದ್ದಲಾಗದ ದಾಖಲೆಯ ಸರಪಳಿ, ಕಟ್ಟಿಕೊಂಡಿದ್ದೇವೆ. ಹಾಡುಗಾರರ ಬಳಗದ್ದು ಬೇರೆ, ಬೀಜ ಕಾಯುವವರದು ಬೇರೆ. ಎಲ್ಲವನ್ನೂ ಒಂದೇ ದೊಡ್ಡ ಜಾಲದಲ್ಲಿ ಕರಗಿಸಿ ಎಂದು ಕೆಲವರು ಅನ್ನುತ್ತಾರೆ. ಯಾರ ಸಹವಾಸವೂ ಬೇಡ, ಉಳಿದವರ ಜೊತೆಗಿನ ಜೋಡಣೆಯನ್ನೇ ಮುಚ್ಚಿಬಿಡೋಣ ಎಂದು ನಮ್ಮವರು ಅನ್ನುತ್ತಾರೆ. ನಾನು ಯಾರ ಮಾತು ಕೇಳಲಿ?"

ಗುರುಗಳು ಕತೆ ಹೇಳಿದರು.

ಒಂದು ಹಳ್ಳದ ಗುಂಟ ಮೂರು ಊರು, ಮೂರು ಕೆರೆ. ಮೇಲಿನ ಊರಿನವರು ಭತ್ತ ಬೆಳೆಯುವವರು. ನಡುವಿನವರು ಕುಂಬಾರರು; ಬೇಸಿಗೆಯಲ್ಲಿ ಕೆರೆ ಬತ್ತಿದರೇ ಅವರಿಗೆ ಮಣ್ಣು. ಕೆಳಗಿನವರು ಬೆಸ್ತರು, ಕೆರೆ ಬತ್ತಿದರೆ ಅವರಿಗೆ ಗಂಜಿಯಿಲ್ಲ. ಒಂದೇ ಕೆರೆಯಿದ್ದಿದ್ದರೆ ದಿನ ಬೆಳಗಾದರೆ ತೂಬಿನ ಬಳಿ ಜಗಳ. ಅದಕ್ಕೇ ಹಿರಿಯರು ಕೆರೆಗಳನ್ನು ಬೇರೆ ಮಾಡಿ, ಒಂದರ ಕೋಡಿಯಿಂದ ಹರಿದ ಹೆಚ್ಚಿನ ನೀರು ಇನ್ನೊಂದಕ್ಕೆ ಸೇರುವಂತೆ ಕಾಲುವೆ ತೆಗೆದಿದ್ದರು. ಮೂರೂ ಊರಿನವರು ಕೂಡಿ ನಿಲ್ಲದೆ ಕೋಡಿಯ ಕಲ್ಲನ್ನು ಯಾರೂ ಮುಟ್ಟುವಂತಿರಲಿಲ್ಲ.

ಮೇಲಿನ ಕೆರೆಯ ನೀರು ನೋಡಿಕೊಳ್ಳಲು ಒಬ್ಬ ನೀರುಗಂಟಿಯಿದ್ದ. ಏರಿಯ ಕೆಳಗೇ ಅವನ ಗುಡಿಸಲು, ಹೆಂಡತಿ, ಹಸುಗೂಸು.

ಒಂದು ವರ್ಷ ಮೇಲಿನ ಊರ ಗೌಡನಿಗೆ ಆಸೆ ಹೆಚ್ಚಾಯಿತು. "ನಮ್ಮ ಕೆರೆ ನೀರು ಕಂಡೋರಿಗೆ ಯಾಕೋ? ಕೋಡಿ ಮೇಲೆ ಇನ್ನೆರಡು ಸಾಲು ಕಲ್ಲು ಕಟ್ಟು," ಎಂದ.

"ಕೆಳಗಿನೋರು ಬರದೆ ಮುಟ್ಟೋ ಹಾಗಿಲ್ಲ ಗೌಡ್ರೆ," ಎಂದ ನೀರುಗಂಟಿ.

ಗೌಡ ಆಳುಗಳನ್ನು ಕರೆಸಿ ಕಟ್ಟಿಸಿಯೇಬಿಟ್ಟ. ಕೆರೆ ತುಂಬಿತು. ಊರು ಹಿಗ್ಗಿತು. ನೀರುಗಂಟಿಗೆ ಮಾತ್ರ ಅನ್ನ ಸೇರಲಿಲ್ಲ.

ಮಳೆ ನಿಲ್ಲಲಿಲ್ಲ. ನೀರಿಗೆ ದಾರಿಯಿಲ್ಲದೆ ಏರಿ ಜಿನುಗತೊಡಗಿತು. ನೀರುಗಂಟಿ ಹೆಂಡತಿ ಮಗುವನ್ನು ದಿಬ್ಬಕ್ಕೆ ಕಳಿಸಿ, ಹಾರೆ ಹಿಡಿದು ಕೋಡಿಗೆ ಓಡಿದ. ಒಬ್ಬನ ಕೈಗೆ ಆ ಕಲ್ಲು ಅಲುಗುತ್ತದೆಯೇ? ಊರಿನವರು ತಮ್ಮ ತಮ್ಮ ಮನೆಯ ಸಾಮಾನು ಹೊರುವುದರಲ್ಲಿದ್ದರು. ನೀರುಗಂಟಿ ತಲೆಯೆತ್ತಿ ನೋಡಿದರೆ ಕಾಲುವೆಯ ದಡದಲ್ಲಿ ಕುಂಬಾರರು, ಬೆಸ್ತರು ಹಾರೆ ಗುದ್ದಲಿ ಹಿಡಿದು ಬರುತ್ತಿದ್ದಾರೆ. ನೀರು ತಡೆದದ್ದಕ್ಕೆ ಹೊಡೆಯಲು ಬಂದರೆಂದು ಅವನು ಹಿಂದೆ ಸರಿದ. ಅವರು ನೇರ ಬಂದು ಕಲ್ಲಿಗೆ ಹಾರೆ ಹಾಕಿದರು. ಕೋಡಿ ಹರಿಯಿತು, ಏರಿ ಉಳಿಯಿತು.

"ಯಾರೂ ಕರೀಲಿಲ್ಲ, ಹೆಂಗೆ ಬಂದ್ರಿ?" ಆಮೇಲೆ ಅಲ್ಲಿಗೆ ಬಂದ ಗೌಡ ತಲೆ ತಗ್ಗಿಸಿ ಕೇಳಿದ.

"ಇಷ್ಟು ಮಳೆ ಸುರೀತಿದ್ರೂ ನಿಮ್ಮ ಕೋಡಿ ಹರೀಲಿಲ್ಲ. ಮೇಲೆ ನಿಮಗೇನೋ ಆಗಿದೆ ಅನ್ಕೊಂಡ್ವಿ," ಎಂದ ಒಬ್ಬ ಕುಂಬಾರ.

ಹೇಮಾವತಿಯ ಮುಖ ಅರಳಿತು. "ಅಂದರೆ, ನಮ್ಮ ಕೆರೆ ನಮ್ಮದಾಗಿಯೇ ಇರಬಹುದು!"

ಗುರುಗಳು ಕೇಳಿದರು: "ಇರಲಿ ಮಗಳೇ, ಅದರ ಕೋಡಿ ಹರಿಯಲಿಲ್ಲವೆಂದು ಗಾಬರಿಯಾಗಿ ಓಡಿಬರುವವರು ನಿನಗೆ ಯಾರಿದ್ದಾರೆ?"