ಎಲ್ಲರಿಗೂ ಹೇಳಿದ ಮೊಬೈಲು

ದರ್ಜಿ ಪದ್ಮಾವತಿಗೆ ಎರಡು ದಿನದಿಂದ ಜ್ವರ. ಒಬ್ಬಳೇ ಇದ್ದವಳು, ಎದ್ದು ಅಡುಗೆ ಮಾಡಲಾಗದೆ ಏನೂ ತಿಂದಿರಲಿಲ್ಲ. ಅವಳ ಮೊಬೈಲು ಮಾತ್ರ ಬೀಗುತ್ತಿತ್ತು. ಏಕೆಂದರೆ ಊರಿನ ವಾಟ್ಸಾಪ್ ಗ್ರೂಪಿನ ಇನ್ನೂರು ಜನಕ್ಕೂ ಅದು ಜ್ವರದ ಸುದ್ದಿ ಮುಟ್ಟಿಸಿತ್ತು, ಎಂಬತ್ತು ಮಂದಿ ಕೈಮುಗಿದ ಚಿತ್ರ ಕಳಿಸಿದ್ದರು.

ಬಾಗಿಲ ಚಿಲಕ ಕೇಳಿತು: “ಎಂಬತ್ತು ಮಂದಿಯಲ್ಲಿ ಒಬ್ಬರೂ ಬಂದು ನನ್ನನ್ನು ಬಡಿಯಲಿಲ್ಲವಲ್ಲ, ಮೊಬೈಲಣ್ಣ?”

“ಎಲ್ಲರಿಗೂ ಹೇಳಿದ್ದೇನೆ. ಇನ್ನೇನು ಡಂಗುರ ಸಾರಲೇ, ಮುದಿ ಚಿಲಕವೇ?”

“ನೀನು ಸಾರಿದ್ದು ಡಂಗುರವೇ. ಯಾರ ಹೆಸರನ್ನೂ ಹಿಡಿಯದೆ ಊರಿಗೆಲ್ಲ ಹೇಳಿದರೆ, ಪ್ರತಿಯೊಬ್ಬರೂ ಇನ್ನೊಬ್ಬರು ಹೋಗಿರುತ್ತಾರೆ ಅಂದುಕೊಳ್ಳುತ್ತಾರೆ. ಒಬ್ಬರನ್ನು ಕರೆದು ನೋಡು.”

ಮೊಬೈಲಿಗೆ ಮುಖಭಂಗವಾಯಿತು. ಆದರೂ ಪದ್ಮಾವತಿಯ ಒಣಗಿದ ತುಟಿ ನೋಡಿ, ಅದು ಎದುರುಮನೆಯ ನಾಗವೇಣಿಯೊಬ್ಬಳಿಗೇ ಬರೆಯಿತು: “ನಾಗವೇಣಿಯವರೇ, ಪದ್ಮಾವತಿ ಎರಡು ದಿನದಿಂದ ಏನೂ ತಿಂದಿಲ್ಲ. ನೀವು ಬರುತ್ತೀರಾ?”

ಸ್ವಲ್ಪ ಹೊತ್ತಿಗೆ ಗಂಜಿಯ ಪಾತ್ರೆ ಹಿಡಿದ ನಾಗವೇಣಿ ಚಿಲಕ ಬಡಿದು, ಬಾಗಿಲು ತಳ್ಳಿ ಒಳಬಂದಳು.

“ಅಯ್ಯೋ ಪದ್ದೂ, ಅಷ್ಟು ಜನ ಕೈಮುಗಿದಿದ್ದರಲ್ಲ, ನಿನ್ನ ಮನೆಯಲ್ಲಿ ಕಾಲಿಡಲೂ ಜಾಗ ಇರಲಾರದು ಅಂತ ನಾನೂ ಕೈಮುಗಿದು ಸುಮ್ಮನಾಗಿಬಿಟ್ಟೆ ಕಣೇ!”